ಹೆದರಿಕೆ ಗೊತ್ತಿಲ್ಲದ ಹಕ್ಕಿಗಳು

ಚೂಡಾಮಣಿ ಬೆರಳಿಟ್ಟು ತೋರಿಸಿದ ದೋಣಿಯನ್ನು ನೋಡಿ ವೆಂಕಟಾಚಲ ಹೌಹಾರಿದ.

"ಇದಾ? ಈ ಬಟ್ಟೆ ಕಟ್ಟಿರೋದಾ?"

"ಅದನ್ನ ಹಾಯಿ ಅಂತಾರೆ ರೀ. ಇದು ಹಾಯಿದೋಣಿ."

"ಏನಾದ್ರೂ ಅನ್ಲಿ. ಗಾಳಿ ನಿಂತೋದ್ರೆ ಏನ್ಮಾಡ್ತೀಯ? ಸಮುದ್ರದ ಮಧ್ಯ ಇಳಿದು ತಳ್ತೀಯಾ?"

ಮೇಜಿನ ಆಚೆ ಕೂತಿದ್ದ ಸಮನ್ವಿತಾ ನಗು ತಡೆದುಕೊಂಡಳು. ಜೆ.ಪಿ. ನಗರದ ಆ ಟ್ರಾವೆಲ್ ಏಜೆನ್ಸಿಯಲ್ಲಿ ದೂರದ ದ್ವೀಪಗಳ ಪ್ರವಾಸವೆಲ್ಲ ಅವಳ ಪಾಲಿನ ಕೆಲಸ. "ಇಂಜಿನ್ನೂ ಇರುತ್ತೆ ಅಂಕಲ್. ಗಾಳಿ ಚೆನ್ನಾಗಿದ್ದಾಗ ಹಾಯಿ ಬಿಚ್ತಾರೆ, ಇಲ್ದಿದ್ರೆ ಇಂಜಿನ್ ಹಾಕ್ತಾರೆ," ಎಂದು ಸಮಾಧಾನ ಹೇಳಿದಳು.

ಅವಳ ಕಂಪ್ಯೂಟರಿನಲ್ಲಿ ಮೂರು ಚಿತ್ರಗಳಿದ್ದವು. ಮೊದಲನೆಯದು ನಿಜವಾದ ಹಡಗು. ಲಿಫ್ಟು, ಊಟದ ಕೋಣೆ, ಒಬ್ಬ ಡಾಕ್ಟರು, ಎಲ್ಲ ಇದ್ದದ್ದು. ವೆಂಕಟಾಚಲನ ಮನಸ್ಸು ಅದನ್ನು ಕಂಡ ಕೂಡಲೇ ಒಪ್ಪಿಬಿಟ್ಟಿತ್ತು. ಎರಡನೆಯದು ಮೋಟಾರು ದೋಣಿ. ಮೂರನೆಯದು ಈ ಹಾಯಿದೋಣಿ. ಎರಡು ಕಂಬ, ಮರದ ಮೈ, ಒಳಗೆ ಅಡುಗೆಮನೆಯ ಅಟ್ಟದಷ್ಟು ಜಾಗದಲ್ಲಿ ಒಂದರ ಮೇಲೊಂದು ಹಾಸಿಗೆ. ದಕ್ಷಿಣ ಅಮೆರಿಕದ ಪಡುವಣ ಸಮುದ್ರದಲ್ಲಿರುವ ಗಲಾಪಗೋಸ್ ದ್ವೀಪಗಳನ್ನು ಒಂದೊಂದಾಗಿ ಸುತ್ತಲು ತನ್ನ ಹೆಂಡತಿ ಆರಿಸಿಕೊಂಡದ್ದು ಇದನ್ನು.

ಚೂಡಾಮಣಿಯ ಆಸೆ ಇವತ್ತಿನದಲ್ಲ. ಜಯನಗರದ ಪಿಯು ಕಾಲೇಜೊಂದರಲ್ಲಿ ನಿವೃತ್ತಿಯಾಗುವ ತನಕ ಜೀವಶಾಸ್ತ್ರ ಪಾಠ ಮಾಡಿದವಳು ಅವಳು. ಆ ದ್ವೀಪಗಳ ಪುಟ್ಟ ಹಕ್ಕಿಗಳ ಕೊಕ್ಕನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದಳೋ, ಕಣ್ಣು ಮುಚ್ಚಿದರೂ ಕೈ ತಪ್ಪುತ್ತಿರಲಿಲ್ಲ. ಟೀಪಾಯಿಯಷ್ಟು ದೊಡ್ಡ ಆಮೆ, ಸಮುದ್ರದಲ್ಲಿ ಈಜುವ ಉಡ, ನೀಲಿ ಪಾದದ ಹಕ್ಕಿ, ಎಲ್ಲವನ್ನೂ ಬಾಯಲ್ಲಿ ಹೇಳಿ ಹೇಳಿ ಕಣ್ಣಲ್ಲಿ ಒಮ್ಮೆಯೂ ಕಾಣದೆ ರಿಟೈರ್ ಆಗಿದ್ದಳು. ವೆಂಕಟಾಚಲ ವಿಮಾ ಕಚೇರಿಯಲ್ಲಿದ್ದವನು. ಆಗಲಿ, ನೋಡೋಣ ಎನ್ನುತ್ತಲೇ ಆಯುಷ್ಯ ಕಳೆದಿದ್ದ. ಈಗ ಮಗಳು ಮೈತ್ರೇಯಿ ಬನಶಂಕರಿಯ ತನ್ನ ಮನೆಯಿಂದ ದಿನಾ ಫೋನು ಮಾಡಿ ಕಾಟ ಕೊಟ್ಟದ್ದರಿಂದ ಕೊನೆಗೂ ಇಲ್ಲಿಗೆ ಬಂದು ಕೂತಿದ್ದ.

"ಆ ದೊಡ್ಡ ಹಡಗಿಗೇನಾಗಿದೆಯೇ?" ಎಂದ.

"ಹೊಗೆ. ಡೀಸಲ್ ವಾಸನೆ ಬಂದ್ರೆ ನಂಗೆ ಕೆಮ್ಮು ನಿಲ್ಲಲ್ಲ. ಮನೆ ಮುಂದೆ ನೀರಿನ ಟ್ಯಾಂಕರ್ ಬಂದ್ರೇ ಆಗಲ್ಲ, ನೀವು ನೋಡಿಲ್ವಾ? ಇದ್ರಲ್ಲಾದ್ರೆ ಗಾಳಿ ಇರುತ್ತೆ." ಅಷ್ಟು ಹೇಳುವುದರೊಳಗೆ ಅವಳಿಗೆ ಕೆಮ್ಮು ಬಂತು. ಸಮನ್ವಿತಾ ನೀರಿನ ಬಾಟಲಿ ಮುಂದಕ್ಕೆ ಸರಿಸಿದಳು.

ಕೆಮ್ಮಿನ ಬಗ್ಗೆ ವೆಂಕಟಾಚಲನಿಗೆ ಹೆಚ್ಚಿನ ಚಿಂತೆ ಇರಲಿಲ್ಲ. ಬೆಂಗಳೂರಿನಲ್ಲಿ ಯಾರಿಗೆ ಕೆಮ್ಮಿಲ್ಲ? ಧೂಳು, ಮೆಟ್ರೋ ಕೆಲಸ, ಹಾಳಾದ ಹವೆ. ಶುಂಠಿ ಕಷಾಯ ಮಾಡಿಕೊಟ್ಟರೆ ಗಂಡನ ಕರ್ತವ್ಯ ಮುಗಿಯಿತು ಎಂಬುದು ಅವನ ನಂಬಿಕೆ. ಈ ಕಚೇರಿಯ ಮೆಟ್ಟಿಲು ಹತ್ತುವಾಗ ಅವಳು ಅರ್ಧದಲ್ಲಿ ನಿಂತು ಗೋಡೆಯ ಮೇಲಿನ ಟ್ಯೂಷನ್ ಜಾಹೀರಾತನ್ನು ಬಹಳ ಹೊತ್ತು ಓದಿದ್ದಳು. ಮೇಷ್ಟ್ರ ಬುದ್ಧಿ ಬಿಡದು ಎಂದು ಇವನು ನಕ್ಕಿದ್ದ.

"ಅಲ್ಲಿನ ಪ್ರಾಣಿಗಳದ್ದೇ ವಿಶೇಷ ಆಂಟಿ," ಎಂದು ಸಮನ್ವಿತಾ ಉತ್ಸಾಹದಿಂದ ಹೇಳತೊಡಗಿದಳು. "ಮನುಷ್ಯರನ್ನ ಕಂಡ್ರೆ ಹೆದರೋದೇ ಇಲ್ಲ. ಹಕ್ಕಿ ದಾರಿ ಮಧ್ಯ ಕೂತಿರುತ್ತೆ, ನಾವೇ ಸುತ್ತು ಹಾಕ್ಕೊಂಡು ಹೋಗ್ಬೇಕು. ಆದ್ರೆ ಮುಟ್ಟೋ ಹಾಗಿಲ್ಲ. ಎರಡು ಮೀಟರ್ ದೂರ ಇರ್ಬೇಕು. ತಿನ್ನೋಕೆ ಏನೂ ಹಾಕೋ ಹಾಗಿಲ್ಲ."

"ಏನೂ ಅಂದ್ರೆ? ಒಂದು ಹಿಡಿ ಕಾಳೂ ಹಾಕೋ ಹಾಗಿಲ್ವಾ?" ವೆಂಕಟಾಚಲನಿಗೆ ಇದು ದೋಣಿಗಿಂತ ದೊಡ್ಡ ಆಘಾತ. "ಹತ್ರ ಬಂದ ಹಕ್ಕಿಗೆ ಕಾಳು ಹಾಕಬಾರದು ಅಂದ್ರೆ ಅದೆಂಥ ಕಾನೂನಮ್ಮ?"

"ಇವರು ಮನೇಲಿ ಪಾರಿವಾಳಕ್ಕೆ ಹಾಕ್ತಾರೆ," ಎಂದು ಚೂಡಾಮಣಿ ಹುಡುಗಿಗೆ ವಿವರಿಸಿದಳು. "ಅದಕ್ಕೆ ಅಷ್ಟು ಸಂಕಟ."

ಸಮನ್ವಿತಾ ನಕ್ಕು, ಅವರು ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದಳು. ಹಾಯಿದೋಣಿ ದೂರದ ದ್ವೀಪಗಳಿಗೆ ಹೋಗುವಾಗ ಆಸ್ಪತ್ರೆ ಇರುವ ಊರು ಒಂದು ದಿನದ ದಾರಿ ಆಗಿಬಿಡುತ್ತದೆ. ಹಾಗಾಗಿ ಇಬ್ಬರೂ ಡಾಕ್ಟರಿಗೆ ತೋರಿಸಿ, ಪರವಾಗಿಲ್ಲ ಎನಿಸಿಕೊಂಡು ಬಂದರೆ ಜಾಗ ಹಿಡಿದಿಡುತ್ತೇನೆ ಎಂದಳು. "ನನ್ನ ಬಿಪಿ ಒಂದು ನೋಡ್ಸಿದ್ರೆ ಆಯ್ತು," ಎಂದ ವೆಂಕಟಾಚಲ. "ಇವಳು ಗಟ್ಟಿಗಿತ್ತಿ."

ಪಾರಿವಾಳದ ಕಥೆ ಇಲ್ಲಿ ಹೇಳಲೇಬೇಕು. ಐದು ವರ್ಷದ ಹಿಂದೆ ವೆಂಕಟಾಚಲನ ಅಪ್ಪನ ಮೊದಲ ತಿಥಿ. ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯ ಈ ಮನೆಯಲ್ಲೇ ಮಾಡಿದ್ದರು. ಎಲ್ಲ ಸಾಂಗವಾಗಿ ಮುಗಿದು, ಕಾಗೆಗೆಂದು ಪಿಂಡವನ್ನು ಬಾಲ್ಕನಿಯ ಕಟ್ಟೆಯ ಮೇಲೆ ಇಟ್ಟರು. ಕಾಗೆ ಮುಟ್ಟಿದ ಮೇಲೆಯೇ ಊಟ. ಕಾಗೆ ಬರಲಿಲ್ಲ. ಎದುರಿನ ಮೊಬೈಲ್ ಟವರಿನ ಮೇಲೆ ಒಂದು ಕೂತಿತ್ತು, ಅದಕ್ಕೆ ಈ ಕಡೆ ನೋಡುವ ಮನಸ್ಸೂ ಇರಲಿಲ್ಲ. ಮನೆಯವರೆಲ್ಲ ಕಾ ಕಾ ಎಂದು ಕೂಗಿ ಗಂಟಲು ಹರಿದುಕೊಂಡರು. ವಡೆ ಆರಿತು, ಪಾಯಸ ಕೆನೆಗಟ್ಟಿತು. ಅಪ್ಪನಿಗೆ ತನ್ನ ಮೇಲೆ ಏನೋ ಕೋಪ ಉಳಿದಿದೆ ಎಂದು ವೆಂಕಟಾಚಲ ಒದ್ದೆ ಪಂಚೆಯಲ್ಲಿ ನಿಂತು ಅತ್ತೇಬಿಟ್ಟ. ಆಗ ಬಂತು ಒಂದು ಪಾರಿವಾಳ. ಕಂದು ರೆಕ್ಕೆ, ಎಡಗಾಲಿನಲ್ಲಿ ಒಂದು ಬೆರಳಿಲ್ಲ. ಕುಂಟುತ್ತಾ ಬಂದು, ಕತ್ತು ಓರೆ ಮಾಡಿ ವೆಂಕಟಾಚಲನನ್ನು ನೋಡಿ, ಪಿಂಡಕ್ಕೆ ಬಾಯಿ ಹಾಕಿತು. ಪುರೋಹಿತರಿಗೆ ಇನ್ನೊಂದು ಮನೆಗೆ ಹೋಗಬೇಕಿತ್ತು. "ಪಿತೃಗಳು ಯಾವ ರೂಪದಲ್ಲಿ ಬರ್ತಾರೋ ನಮಗೇನು ಗೊತ್ತು, ಬಂದ್ರಲ್ಲ. ಎಲೆ ಹಾಕ್ಸಿ," ಎಂದುಬಿಟ್ಟರು.

ಅವರು ಅವಸರಕ್ಕೆ ಆಡಿದ ಮಾತನ್ನು ವೆಂಕಟಾಚಲ ಎದೆಯಲ್ಲಿಟ್ಟುಕೊಂಡ. ಅವನಪ್ಪನೂ ಕಿವಿ ಮಂದವಾದ ಮೇಲೆ ಹಾಗೆಯೇ ಕತ್ತು ಓರೆ ಮಾಡಿ ಮಾತು ಕೇಳುತ್ತಿದ್ದರು. ಮರುದಿನದಿಂದ ಜೋಳ, ಗೋಧಿ, ಮಣ್ಣಿನ ಬಟ್ಟಲಲ್ಲಿ ನೀರು. ಒಂದಿದ್ದದ್ದು ಹಿಂಡಾಯಿತು. ಕುಂಟ ಪಾರಿವಾಳ ಅವನ ಅಂಗೈ ಮೇಲೆ ಕೂತು ತಿನ್ನತೊಡಗಿತು. ಅಪ್ಪ ಎಂದು ಅವನು ಬಾಯಿಬಿಟ್ಟು ಹೇಳಿದವನಲ್ಲ. ಆದರೆ ಚೂಡಾಮಣಿಗೆ ಗೊತ್ತಿತ್ತು. "ರೀ, ಮಾವನೋರು ಬಂದ್ರು, ತಿಂಡಿ ಕೊಡಿ," ಎಂದು ಅಡುಗೆಮನೆಯಿಂದಲೇ ಛೇಡಿಸುತ್ತಿದ್ದಳು. ಅವನು ಹುಸಿಮುನಿಸು ತೋರಿಸುತ್ತಿದ್ದ, ಒಳಗೊಳಗೆ ಹಿಗ್ಗುತ್ತಿದ್ದ.

ಆಸ್ಪತ್ರೆಯಲ್ಲಿ ವೆಂಕಟಾಚಲನ ಬಿಪಿ ಸರಿಯಾಗಿಯೇ ಇತ್ತು. ಚೂಡಾಮಣಿಯನ್ನು ಒಂದು ನಳಿಗೆಯೊಳಕ್ಕೆ ಊದಿಸಿದರು, ಕಾರಿಡಾರಿನಲ್ಲಿ ನಡೆಸಿದರು, ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದರು, ಎದೆಯ ಸ್ಕ್ಯಾನ್ ಮಾಡಿಸಿ ಅಂದರು. ಸ್ಕ್ಯಾನ್ ಎಂದಾಗ ವೆಂಕಟಾಚಲ ಮನಸ್ಸಿನಲ್ಲಿ ಆಸ್ಪತ್ರೆಯವರನ್ನು ಬೈದ. ಎರಡು ದಿನ ಬಿಟ್ಟು ಶ್ವಾಸಕೋಶದ ಡಾಕ್ಟರು, ಅಂಜನಾ ಎಂಬುವರು, ಇಬ್ಬರನ್ನೂ ಒಳಗೆ ಕರೆದರು. ಸ್ಕ್ಯಾನಿನ ಚಿತ್ರವನ್ನು ನೋಡುತ್ತಲೇ ಕೇಳಿದರು.

"ಮನೇಲಿ ಪಾರಿವಾಳ ಇದ್ಯಾ?"

ವೆಂಕಟಾಚಲನ ಮುಖ ಅರಳಿತು. ಕೊನೆಗೂ ಒಬ್ಬ ಡಾಕ್ಟರು ಮನುಷ್ಯರ ಥರ ಮಾತಾಡಿದ್ದರು. "ಇದ್ಯಾ ಅಂತ ಕೇಳ್ತೀರಾ ಡಾಕ್ಟ್ರೇ! ಬಾಲ್ಕನಿ ತುಂಬಾ ಅವೇ. ನಾನೇ ಕಾಳು ಹಾಕೋದು. ಒಂದಂತೂ ಕೈ ಮೇಲೇ ಕೂತ್ಕೊಳುತ್ತೆ, ನೋಡಿ," ಎಂದು ಫೋನು ತೆಗೆದು ಫೋಟೋ ಮುಂದೆ ಹಿಡಿದ.

ಡಾಕ್ಟರು ಫೋಟೋ ನೋಡಿದರು. ನಗಲಿಲ್ಲ. ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು.

"ಸಾರ್, ನಿಮ್ಮ ಮನೆಯವರ ಶ್ವಾಸಕೋಶಕ್ಕೆ ಏಟು ಬಿದ್ದಿರೋದು ಇದರಿಂದಾನೇ ಇರ್ಬೇಕು. ಹಿಕ್ಕೆ ಒಣಗಿ ಪುಡಿಯಾಗುತ್ತಲ್ಲ, ಆ ಧೂಳು. ರೆಕ್ಕೆಯ ಪುಡಿ. ವರ್ಷಗಟ್ಟಲೆ ಒಳಗೆ ಹೋಗಿದೆ. ಕೆಲವು ಕಡೆ ಗಾಯ ಒಣಗಿ ಗಟ್ಟಿಯಾಗ್ಬಿಟ್ಟಿದೆ. ಅಷ್ಟು ಭಾಗ ಇನ್ನು ಸರಿಹೋಗಲ್ಲ."

ವೆಂಕಟಾಚಲನ ಫೋನು ಹಿಡಿದ ಕೈ ಹಾಗೆಯೇ ಮುಂದಿತ್ತು. ಫೋಟೋದಲ್ಲಿ ಕುಂಟ ಪಾರಿವಾಳ ಕತ್ತು ಓರೆ ಮಾಡಿ ನೋಡುತ್ತಿತ್ತು. ಅವನಿಗೆ ಡಾಕ್ಟರು ಯಾರದೋ ಬೇರೆಯವರ ಸ್ಕ್ಯಾನ್ ನೋಡುತ್ತಿದ್ದಾರೆ ಎನಿಸಿತು. "ಹಾಗಿರಕ್ಕಿಲ್ಲ ಡಾಕ್ಟ್ರೇ," ಎಂದ. "ಅವುಗಳ ಜೊತೆ ಇರೋನು ನಾನು. ನಂಗೇನೂ ಆಗಿಲ್ವಲ್ಲ?"

"ಎಲ್ಲರಿಗೂ ಆಗಲ್ಲ ಸಾರ್. ಕೆಲವರ ಮೈಗೆ ಅದು ಒಗ್ಗಲ್ಲ. ಬಾಲ್ಕನಿ ಗುಡಿಸೋರು ಯಾರು?"

ಕೆಲಸದವಳು ಎನ್ನಲು ಅವನು ಬಾಯಿ ತೆರೆದ. ಆದರೆ ಕೆಲಸದ ಗೋವಿಂದಮ್ಮ ಬಾಲ್ಕನಿ ಮಾತ್ರ ತನ್ನಿಂದಾಗದು, ನಾತ ಹೊಡೆಯುತ್ತದೆ ಎಂದು ಮೊದಲೇ ಕೈಯೆತ್ತಿದ್ದಳು. ಅವನು ಕಾಳು ಹಾಕಿ, ಕೈ ತೊಳೆದು, ಪೇಪರು ಹಿಡಿದು ಕೂರುತ್ತಿದ್ದ. ಆಮೇಲೆ ಗಾಜಿನ ಬಾಗಿಲಾಚೆಯಿಂದ ಪರಪರ ಸದ್ದು ಕೇಳುತ್ತಿತ್ತು. ಕಡ್ಡಿಪೊರಕೆಯಲ್ಲಿ ಒಣಗಿದ ಹಿಕ್ಕೆಯನ್ನು ಕೆರೆಯುವ ಸದ್ದು. ಐದು ವರ್ಷ ದಿನಾ ಬೆಳಿಗ್ಗೆ ಆ ಸದ್ದನ್ನು ಕೇಳುತ್ತಾ ಅವನು ಪೇಪರು ಓದಿದ್ದ.

"ನಾನೇ," ಎಂದಳು ಚೂಡಾಮಣಿ.

ಅವಳ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಅವಳೇ ಮುಂದೆ ಬಾಗಿ, ತನ್ನದಲ್ಲದ ವಿಷಯ ವಿಚಾರಿಸುವವಳಂತೆ ಕೇಳಿದಳು. "ನಾವೊಂದು ಟ್ರಿಪ್ ಹೋಗ್ಬೇಕು ಅಂತಿದ್ವಿ ಡಾಕ್ಟರ್. ಹಾಯಿದೋಣಿಯಲ್ಲಿ."

"ಡಾಕ್ಟರಿರೋ ದೊಡ್ಡ ಹಡಗೂ ಇದೆ," ಎಂದು ವೆಂಕಟಾಚಲ ನಡುವೆ ಬಾಯಿ ಹಾಕಿದ. "ಅದ್ರಲ್ಲಾದ್ರೂ ಕರ್ಕೊಂಡ್ಹೋಗ್ತೀನಿ."

"ಈಗ ಯಾವ್ದರಲ್ಲೂ ಬೇಡ," ಎಂದರು ಡಾಕ್ಟರು. "ಮೊದಲು ಪಾರಿವಾಳ ಹೋಗ್ಲಿ. ಕಾಳು ನಿಲ್ಸಿ, ನೆಟ್ ಹಾಕ್ಸಿ, ಬಾಲ್ಕನಿಗೆ ನೀರು ಹಾಕಿ ತೊಳೆಸಿ. ಒಣಗಿದ್ದನ್ನ ಗುಡಿಸ್ಬೇಡಿ. ಮೇಡಂ ಅದರ ಹತ್ರಾನೂ ಹೋಗ್ಬಾರ್ದು. ಔಷಧಿ ಕೊಡ್ತೀನಿ, ಮೂರು ತಿಂಗಳು ಬಿಟ್ಟು ನೋಡೋಣ. ಗಟ್ಟಿಯಾಗದೆ ಇರೋ ಭಾಗ ಚೇತರಿಸ್ಕೊಂಡ್ರೆ ನಾನೇ ಹೋಗಿಬನ್ನಿ ಅಂತೀನಿ. ಹಕ್ಕಿ ಹೀಗೇ ಇದ್ರೆ ಮಾತ್ರ ದೋಣಿ ಹಾಗಿರ್ಲಿ, ಮನೆ ಮೆಟ್ಲು ಹತ್ತೋದೂ ಕಷ್ಟ ಆಗುತ್ತೆ."

ಇಬ್ಬರೂ ಆಟೋದಲ್ಲಿ ಮನೆಗೆ ಹೊರಟರು. ರಾಗಿಗುಡ್ಡ ಇನ್ನೂ ಬಂದಿರಲಿಲ್ಲ, ಒಂದು ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಪಕ್ಕದ ಖಾಲಿ ಜಾಗದಲ್ಲಿ ಯಾರೋ ಕಾಳು ಸುರಿದಿದ್ದರು. ಬಸ್ಸೊಂದು ಹಾರ್ನ್ ಹೊಡೆದ ಕೂಡಲೇ ಪಾರಿವಾಳದ ಹಿಂಡು ಭರ್ರನೆ ಎದ್ದು ಆಟೋದ ಮೇಲೆ ಹಾಯಿತು. ವೆಂಕಟಾಚಲ ಬೆಚ್ಚಿಬಿದ್ದು ತನ್ನ ಕರವಸ್ತ್ರವನ್ನು ಹೆಂಡತಿಯ ಮೂಗಿಗೆ ಒತ್ತಿ ಹಿಡಿದ. ಅದೆಷ್ಟು ಬಲವಾಗಿ ಒತ್ತಿದನೆಂದರೆ ಅವಳು ಅವನ ಕೈ ಕಿತ್ತು ತೆಗೆಯಬೇಕಾಯಿತು.

"ಉಸಿರು ಕಟ್ಟುತ್ತೆ ಬಿಡ್ರೀ!"

ಅವನು ಕರವಸ್ತ್ರವನ್ನು ಮುದುರಿ ಮುಷ್ಟಿಯಲ್ಲಿಟ್ಟುಕೊಂಡ.

ಮನೆಗೆ ಬಂದ ಮೇಲೆ ಚೂಡಾಮಣಿ ಊಟದ ಮೇಜಿನ ಮುಂದೆ ಕೂತಳು. ಬಾಲ್ಕನಿಯ ಗಾಜಿನ ಬಾಗಿಲು ಹಾಕಿತ್ತು. ಆಚೆ ಗುಟುರು ಗುಟುರು ಎಂಬ ಸದ್ದು ಎಂದಿನಂತೆ ನಡೆದಿತ್ತು.

"ಅಷ್ಟು ವರ್ಷ ಮಕ್ಕಳಿಗೆ ಶ್ವಾಸಕೋಶದ ಪಾಠ ಮಾಡ್ದೋಳು ನಾನು," ಎಂದಳು. "ಚಿತ್ರ ಬರೆದು, ಭಾಗ ಗುರುತಿಸಿ. ನನ್ನೊಳಗೆ ಏನಾಗ್ತಿದೆ ಅಂತ ನಂಗೇ ಹೊಳೀಲಿಲ್ಲ ನೋಡಿ." ಅವಳಿಗೂ ಏಟು ಬಿದ್ದದ್ದು ಈಗ ಎಂಬಂತೆ ಗಂಡನನ್ನು ನೆಟ್ಟನೆ ನೋಡಿದಳು. "ನೀವು ಪುಣ್ಯ ಕಟ್ಕೊಂಡ್ರಿ. ನಾನು ಕಸ ಹೊಡೆದೆ."

ಅವಳು ಕೂಗಾಡಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. "ಇನ್ಮೇಲೆ ನಾನೇ ಗುಡಿಸ್ತೀನಿ ಕಣೇ," ಎಂದ. "ಬಾಗಿಲು ಹಾಕಿರೋಣ. ನೀನು ಆ ಕಡೆ ಬರಲೇಬೇಡ. ಬೇರೆ ಎಲ್ಲಾನೂ ಓಡಿಸ್ಬಿಡ್ತೀನಿ. ಅದೊಂದು ಮಾತ್ರ..." ಏನು ಆಡುತ್ತಿದ್ದೇನೆ ಎಂದು ಅವನಿಗೇ ಗಾಬರಿಯಾಯಿತು.

ಚೂಡಾಮಣಿ ಗಾಜಿನ ಬಾಗಿಲಿನ ಕಡೆ ನೋಡಿದಳು. ಆಮೇಲೆ ಹೇಳಿದಳು, "ಅದು ನಿಮಗೆ ನಿಮ್ಮಪ್ಪ. ನಂಗೆ ಗೊತ್ತು ರೀ. ಓಡ್ಸಿ ಅಂತ ನನ್ನ ಬಾಯಲ್ಲಿ ಹೇಳಲ್ಲ. ಮಾವನೋರು ಇಲ್ಲಿರ್ಲಿ. ನಾನು ಬನಶಂಕರಿಗೆ, ಮೈತ್ರೇಯಿ ಮನೇಗೆ ಹೋಗಿರ್ತೀನಿ."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಸಮನ್ವಿತಾ. ಯಾವ ದೋಣಿಗೆ ಜಾಗ ಹಿಡಿಯಲಿ ಆಂಟಿ ಎಂದು ಕೇಳುತ್ತಿದ್ದಳು. ಚೂಡಾಮಣಿ ಕೆಮ್ಮು ಬಂದೀತೆಂದು ಮೊದಲು ಒಂದು ಗುಟುಕು ನೀರು ಕುಡಿದು ಹೇಳಿದಳು. "ಹಾಯಿದೋಣೀನೇ ಇರ್ಲಮ್ಮ. ಆದ್ರೆ ಈ ಸೀಸನ್‌ಗಲ್ಲ, ಮುಂದಿನದಕ್ಕೆ. ಮೂರು ತಿಂಗಳು ಬಿಟ್ಟು ಹೇಳ್ತೀನಿ, ಅಷ್ಟರ ತನಕ ಕಾಯ್ತೀಯಾ?" ಆಚೆಯಿಂದ ಹುಡುಗಿ ಏನೋ ಹೇಳಿದಳು. ಚೂಡಾಮಣಿ ನಕ್ಕಳು. ಆ ನಗುವಿನಲ್ಲಿದ್ದ ಆಸೆಯನ್ನು ಕಂಡು ವೆಂಕಟಾಚಲ ಎದ್ದು ಬಚ್ಚಲುಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತ.

ಬೆಳಿಗ್ಗೆ ಎದ್ದಾಗ ಅವಳ ಬ್ಯಾಗು ಬಾಗಿಲ ಬಳಿ ಇತ್ತು. ನಿಜವಾಗಿಯೂ ತುಂಬಿಟ್ಟಿದ್ದಳು. ಬರಿಯ ಮಾತು ಎಂದುಕೊಂಡಿದ್ದ ವೆಂಕಟಾಚಲ ಬ್ಯಾಗಿನ ಮುಂದೆ ಕಲ್ಲಾಗಿ ನಿಂತ. ಆಮೇಲೆ ನೆಟ್ ಹಾಕುವವನಿಗೆ ಫೋನು ಮಾಡಿದ. ಮಧ್ಯಾಹ್ನ ಬರುತ್ತೇನೆ, ಅಷ್ಟರೊಳಗೆ ಹಕ್ಕಿ ಒಂದೂ ಇರಬಾರದು, ಬಾಲ್ಕನಿ ತೊಳೆದಿರಬೇಕು ಎಂದು ಅವನು ಹೇಳಿದ.

ವೆಂಕಟಾಚಲ ಮೂಗಿಗೆ ಮಾಸ್ಕು ಕಟ್ಟಿಕೊಂಡ. ಒಂದು ಕೈಯಲ್ಲಿ ನೀರು ತುಂಬಿದ ಬಕೆಟ್ಟು, ಇನ್ನೊಂದರಲ್ಲಿ ಪೊರಕೆ ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲನ್ನು ಹಿಂದಿನಿಂದ ಭದ್ರವಾಗಿ ಎಳೆದುಕೊಂಡ. ಹಿಂಡು ಅವನನ್ನು ಕಂಡು ಸಂಭ್ರಮದಿಂದ ಕಾಲ ಬಳಿ ಬಂತು. ತಿಂಡಿಯ ಹೊತ್ತಾಗಿತ್ತಲ್ಲ. ಅವನು ಪೊರಕೆಯ ಬುಡವನ್ನು ಕಟ್ಟೆಯ ಮೇಲಿನ ಕಬ್ಬಿಣದ ಕಟಾಂಜನಕ್ಕೆ ಬಡಿದ. ಅವು ಭರ್ರನೆ ಎದ್ದವು, ಮತ್ತೆ ಕೂತವು. ಬಡಿದ, ಅರಚಿದ. ಒಂದೊಂದಾಗಿ ಹೋದವು. ಕುಂಟ ಮಾತ್ರ ಹೋಗಲಿಲ್ಲ.

ಅದು ಖಾಲಿ ಬಟ್ಟಲನ್ನು ಇಣುಕಿ ನೋಡಿತು. ಅವನ ಪಾದದ ಹತ್ತಿರ ಬಂತು. ಕತ್ತು ಓರೆ ಮಾಡಿ ಮೇಲೆ ನೋಡಿತು. ಪೊರಕೆಯನ್ನು ಅದರ ಪಕ್ಕದಲ್ಲೇ ನೆಲಕ್ಕೆ ಬಡಿದರೂ ಕದಲಲಿಲ್ಲ. ಅದಕ್ಕೆ ಹೆದರಿಕೆಯೇ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಅವನೇ ಐದು ವರ್ಷ ಸಾಕಿದ್ದ. ಅಂಥ ಹಕ್ಕಿಗಳನ್ನು ನೋಡಲು ತನ್ನ ಹೆಂಡತಿ ಭೂಮಿಯ ಆ ಕೊನೆಗೆ ಹೋಗಲು ಹೊರಟಿದ್ದಾಳೆ ಎಂದು ಅವನಿಗೆ ನೆನಪಾಯಿತು.

"ಹೋಗಿ," ಎಂದ ಮೆಲ್ಲಗೆ. ಅಪ್ಪನಿಗೆ ಅವನು ಏಕವಚನದಲ್ಲಿ ಮಾತಾಡಿದವನಲ್ಲ. "ದಯವಿಟ್ಟು ಹೋಗಿ. ಅವಳಿಗೆ ಉಸಿರಾಡಕ್ಕಾಗ್ತಿಲ್ಲ."

ಹಿಂದೆ ಗಾಜಿನಾಚೆ ಚೂಡಾಮಣಿ ಬಂದು ನಿಂತದ್ದು ಅವನಿಗೆ ಕೆಮ್ಮಿನಿಂದ ತಿಳಿಯಿತು. ಅವನು ತಿರುಗಲಿಲ್ಲ. ಪೊರಕೆ ಎತ್ತಿದ, ಈ ಸಲ ನೆಲಕ್ಕಲ್ಲ, ಅದರ ಮೈಮೇಲೇ ಬೀಸಿದ. ಮೆತ್ತನೆಯದೇನೋ ತಗುಲಿದ್ದು ಕಡ್ಡಿಗಳ ಮೂಲಕ ಅಂಗೈಗೆ ಗೊತ್ತಾಯಿತು. ಪಾರಿವಾಳ ಉರುಳಿಬಿದ್ದು, ರೆಕ್ಕೆ ಬಡಿದು, ಕಟಾಂಜನದ ಸಂದಿನಿಂದ ಆಚೆ ಹೋಯಿತು. ಎದುರಿನ ಕಟ್ಟಡದ ಕಟ್ಟೆಯ ಮೇಲೆ ಕೂತು ಅವನನ್ನು ನೋಡಿತು. ಅವನು ಅರಿವಿಲ್ಲದೆ, ಏಟು ಜೋರಾಯಿತೇನೋ ಎಂದು ಅದರ ಕಡೆ ಕೈ ಚಾಚಿದ. ಚಾಚಿದ ಆ ಕೈಯನ್ನು ಕಂಡ ಕೂಡಲೇ ಅದು ಬೆದರಿ ಹಾರಿ, ಟವರಿನ ಹಿಂದೆ ಮರೆಯಾಯಿತು.

ಐದು ವರ್ಷದ ಸಲಿಗೆ ಅಳಿಯಲು ಒಂದೇ ಏಟು ಸಾಕಾಯಿತಲ್ಲ ಎಂದು ವೆಂಕಟಾಚಲ ದಂಗಾಗಿ ನಿಂತ. ನೆಲದ ಮೇಲೆ ಒಂದು ಕಂದು ಗರಿ ಬಿದ್ದಿತ್ತು. ಬಾಗಿ, ಅದನ್ನು ಎತ್ತಿಕೊಳ್ಳಲು ಬೆರಳು ಚಾಚಿದ.

ಗಾಜಿನ ಬಾಗಿಲು ದಬದಬ ಸದ್ದು ಮಾಡಿತು. ಒಳಗಿನಿಂದ ಚೂಡಾಮಣಿ ಅಂಗೈಯಲ್ಲಿ ಬಡಿಯುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. "ಮುಟ್ಬೇಡಿ ರೀ!" ಎಂದು ಕೂಗಿದಳು. "ಒಳಗೆ ತರ್ಬೇಡಿ! ನೀರು ಹಾಕಿ!"

ಅವನು ನೆಟ್ಟಗಾದ. ಬಕೆಟ್ಟು ಎತ್ತಿ ನೀರು ಸುರಿದ. ಗರಿ ಎದ್ದು, ಒಮ್ಮೆ ಸುತ್ತಿ, ನೀರಿನ ಮೇಲೆ ತೇಲುತ್ತಾ ಮೂಲೆಯ ತೂತಿನ ಕಡೆಗೆ ಹೋಯಿತು. ಅದು ಕಾಣದಾಗುವ ತನಕ ನಿಂತಿದ್ದು, ಇನ್ನೊಂದು ಬಕೆಟ್ಟು ನೀರು ಹಿಡಿಯಲು ಅವನು ಬಾಲ್ಕನಿಯ ನಲ್ಲಿ ತಿರುಗಿಸಿದ.